ಒಂದೇ ನಾಲಿಗೆ

ರುಚಿಯ ವಿಷಯದಲ್ಲಿ ನಾನು ಬಡವ. ಸೇಲಂ ಬಳಿಯ ಶಂಕಗಿರಿಯ ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಂಡೇ ಕೂದಲು ನೆರೆಸಿಕೊಂಡವನು. ಊಟದ ಬಗ್ಗೆ ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂಬೆರಡು ಮಾತು ಬಿಟ್ಟರೆ ನನ್ನ ಬಾಯಲ್ಲಿ ಬೇರೆ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಮಾದೇವಿ ಇದಕ್ಕಾಗಿ ಕೊರಗಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಅವಳು ನಂಗವಳ್ಳಿ ಕಡೆಯ, ಕುರಿ ಸಾಕುವ ಮನೆಯವಳು. ಅವಳ ಜೊತೆ ಗುಡ್ಡದ ಕಡೆ ವಾಕಿಂಗ್ ಹೋದರೆ ಅದು ವಾಕಿಂಗ್ ಆಗುತ್ತಿರಲಿಲ್ಲ, ಪೊದೆಯಿಂದ ಪೊದೆಗೆ ಮೇಯುವುದಾಗುತ್ತಿತ್ತು. ಕಾರೆಯಾಗಲಿ, ಕವಳೆಯಾಗಲಿ, ಮೊದಲು ಮುಳ್ಳು ನೋಡುವಳು, ಆಮೇಲೆ ಎಲೆ, ಆಮೇಲೆ ಹಣ್ಣನ್ನು ಸೀಳಿ ಒಳಗೆ. ಗುರುತು ಸಿಗದ್ದನ್ನು ತಿನ್ನುತ್ತಿರಲಿಲ್ಲ. ಹಾಲು ಸುರಿಸುವ ಗಿಡವೆಲ್ಲ ವಿಷ ಎಂದು ಎಲ್ಲೋ ಓದಿದ್ದನ್ನು ನಾನು ಹೇಳಿದರೆ, ಕವಳೆಯೂ ಹಾಲು ಸುರಿಸುತ್ತದೆ, ಅದನ್ನು ತಿಂದೇ ತಾನು ಇಷ್ಟುದ್ದ ಬೆಳೆದದ್ದು ಎಂದು ನಗುತ್ತಿದ್ದಳು.

ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸೇಲಂ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಡ್ಡೆ ಹೋಯಿತು, ಜೊತೆಗೆ ರುಚಿಯೂ ಹೋಯಿತು. ಮೆಲ್ಲಗೆ ಬರಬಹುದು ಎಂದಿದ್ದರು ಡಾಕ್ಟರು. ಬರಲಿಲ್ಲ. ಒಂದು ದಿನ ಅವಳು ಉಪ್ಪು ಹಾಕಲು ಮರೆತ ಸಾರನ್ನು ನಾನು ಚೆನ್ನಾಗಿದೆ ಎಂದು ಉಂಡೆ. ಆಮೇಲೆ ಮುಚ್ಚಳ ತೆಗೆಯದೇ ಇದ್ದ ಉಪ್ಪಿನ ಡಬ್ಬಿ ನೋಡಿ ಅವಳಿಗೆ ಗೊತ್ತಾಯಿತು. ಒಲೆಯ ಮುಂದೆ ನಿಂತು ಅತ್ತಳು.

ಮೊನ್ನೆ ಮಳೆ ಬಿದ್ದ ಮೇಲೆ ಮತ್ತೆ ಗುಡ್ಡಕ್ಕೆ ಹೋದೆವು. ಕವಲು ಮುಳ್ಳಿನ ಪೊದೆಯೊಂದರ ಮುಂದೆ ಅವಳು ನಿಂತಳು. ಎಲೆ ಕಿತ್ತು ಹಾಲು ನೋಡಿದಳು. ಕಪ್ಪಗೆ ಮಾಗಿದ ಕವಳೆ ಹಣ್ಣೊಂದನ್ನು ಸೆರಗಿಗೆ ಒರೆಸಿ ಅಭ್ಯಾಸದಂತೆ ಬಾಯಿಗೆ ಒಯ್ದವಳು, ತಡೆದು, ನನ್ನ ಕೈಗೆ ಕೊಟ್ಟಳು.

“ನೀವು ತಿನ್ನಿ. ಎಂಗೈತೆ, ಹೇಳಿ.”

ಚೆನ್ನಾಗಿದೆ ಎಂದೆ.

“ಅದ್ ಬ್ಯಾಡ. ನಂಗೆ ತಿಳಿಯಂಗೆ ಹೇಳಿ.”

ತಡವರಿಸುತ್ತ, ಮೊದಲು ಹುಳಿ ಎಂದೆ, ಆಮೇಲೆ ಸಿಹಿ, ತುಟಿಗೆ ಅಂಟು ಹತ್ತುತ್ತಿದೆ ಎಂದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಕೊನೀಗೆ ವಸಿ ಒಗರು ಇರಬೇಕಲ್ಲಾ, ನಾಲಿಗೆ ಬುಡದಾಗೆ?”

ಇನ್ನೊಂದು ಹಣ್ಣು ಅಗಿದು ಕಾದೆ. ಇತ್ತು. ಇಷ್ಟು ವರ್ಷ ತಿಂದರೂ ನನಗದು ಗೊತ್ತೇ ಆಗಿರಲಿಲ್ಲ. ಐತೆ ಎಂದೆ. ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಆದರೂ ಕೈ ಪೊದೆಯೊಳಗೆ ಮತ್ತೊಂದು ಹಣ್ಣು ಹುಡುಕುತ್ತಿತ್ತು.

ನಮ್ಮಿಬ್ಬರಿಗೂ ಸೇರಿ ಇನ್ನು ಇರುವುದು ಒಂದೇ ನಾಲಿಗೆ. ಅದೂ ಮೊಂಡು. ಈ ವಯಸ್ಸಿನಲ್ಲಿ ಅದನ್ನೇ ಪಳಗಿಸಬೇಕು.