ಔಷಧಿ ಹೀರಿದ ಪೈಪು

ಪುಟ್ಟಿ, ಚಿನ್ನು, ನಿಮ್ಮ ತಾತ ವಯಸ್ಸಾಗಿ ಹೋದರು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಂಬಬೇಡಿ.

ಎದೆನೋವೆಂದು ಐಸಿಯು ಸೇರಿದ ಅವರಿಗೆ ಪ್ಲಾಸ್ಟಿಕ್ ಪೈಪಿನಲ್ಲಿ ಔಷಧಿ ಬಿಡುತ್ತಿದ್ದರು. ಆ ಪೈಪು ಅರ್ಧ ಔಷಧಿಯನ್ನು ತಾನೇ ಹೀರಿಕೊಳ್ಳುತ್ತಿತ್ತಂತೆ. ನೋವು ಇಳಿಯಲಿಲ್ಲವೆಂದು ಮೆಷಿನ್ನಿನಲ್ಲಿ ಔಷಧಿಯ ಸ್ಪೀಡು ಏರಿಸುತ್ತಾ ಹೋದರು. ಮೂರನೆಯ ದಿನ ಔಷಧಿ ಹೀರದಂಥ ಬೇರೆ ಪೈಪು ಹಾಕಿದರು. ಸ್ಪೀಡು ಮಾತ್ರ ಇಳಿಸಲಿಲ್ಲ. ಔಷಧಿಯೆಲ್ಲ ಒಮ್ಮೆಗೇ ಮೈಗೆ ಹೋಗಿ ಬಿಪಿ ಕುಸಿಯಿತು, ತಾತ ಮತ್ತೆ ಕಣ್ಣು ಬಿಡಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಅಲ್ಲಿನ ನರ್ಸ್, ಮೆಟ್ಟಿಲ ಬಳಿ, ಅಳುತ್ತಾ. ದೊಡ್ಡ ಡಾಕ್ಟರು, "ವಯಸ್ಸಾಗಿತ್ತಲ್ಲಮ್ಮ, ಹಾರ್ಟ್ ತಡೀಲಿಲ್ಲ" ಎಂದು ಕೈ ಮುಗಿದು ಹೋದರು. ತಡೆದು ಕೇಳುವ ಧೈರ್ಯ ನನಗೆಲ್ಲಿತ್ತು? ಬಸ್ಸಿನಲ್ಲಿ ಯಡಿಯೂರಿಗೆ ಟಿಕೆಟ್ ಕೇಳಲೂ ನನಗೆ ತಾತನೇ ಬೇಕಾಗಿತ್ತು.

ಆರು ತಿಂಗಳಾದ ಮೇಲೆ ನಮ್ಮ ಪಾರ್ಕಿನಲ್ಲಿ ಪ್ಲಾಸ್ಟಿಕ್ ಬೇಕೋ ಬೇಡವೋ ಎಂಬ ಸಭೆ. ಭಾಷಣಕ್ಕೆ ಬಂದವರು ಅದೇ ಡಾಕ್ಟರು. ಕವರೇ ಬೇಡವೆಂದು ಅವರು ಹೇಳಿದಾಗ ಹೂವಿನಾಕೆ, "ಮಳೇಲಿ ಹೂವ ಯಾತ್ರಲ್ಲಿ ಹಾಕ್ಕೊಡ್ಲಿ ಸಾರ್, ನಿಮ್ ಕೋಟಲ್ಲಾ?" ಎಂದಳು. ಎಲ್ಲರೂ ನಕ್ಕರು. ಆ ಗದ್ದಲದಲ್ಲೇ ನಾನು ಎದ್ದು ನಿಂತೆ.

"ಡಾಕ್ಟ್ರೇ, ಪ್ಲಾಸ್ಟಿಕ್ಕು ಔಷಧೀನೂ ಹೀರತ್ತಾ?"

"ಒಳ್ಳೇ ಪ್ರಶ್ನೆ ಅಮ್ಮ! ಕೆಲವನ್ನ ಹೀರತ್ತೆ. ಐಸಿಯುನಲ್ಲಿ ಅದಕ್ಕೇ ಬೇರೆ ಪೈಪ್ ಇಟ್ಟಿರ್ತೀವಿ."

"ಹಳೇದು ತೆಗ್ದು ಅದನ್ನ ಹಾಕ್ದಾಗ ಸ್ಪೀಡು?"

"ಇಳಿಸ್ಲೇಬೇಕು. ಇಲ್ದಿದ್ರೆ ಬಿಪಿ ಬಿದ್ದು ಪೇಷೆಂಟು..."

ಅಲ್ಲಿಗೆ ನಿಂತರು. ನನ್ನ ಮುಖ ನೋಡಿದರು. ಗುರುತು ಸಿಕ್ಕಿತು.

"ಹೇಳಿ ಡಾಕ್ಟ್ರೇ, ಪೇಷೆಂಟು ಏನಾಗ್ತಾರೆ? ನಮ್ಮ ಯಜಮಾನರಿಗೆ ನೀವು ಇಳಿಸ್ಲಿಲ್ಲ."

"ಕೂತ್ಕೊಳ್ಳಿ ಆಂಟಿ" ಎಂದು ಯಾರೋ ಸೆರಗೆಳೆದರು. ನಾನು ಕೂರಲಿಲ್ಲ. ಡಾಕ್ಟರು ಮೈಕು ಕೆಳಗಿಟ್ಟು ವೇದಿಕೆ ಇಳಿಯುವುದನ್ನು ಕಣ್ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಸಭೆ ಮುಗಿದ ಮೇಲೆ ಡಾಕ್ಟರೇ ಗೇಟಿನ ಹತ್ತಿರ ಬಂದು, "ತಪ್ಪಾಯ್ತಮ್ಮ, ಕ್ಷಮಿಸ್ಬಿಡಿ" ಎಂದರು.

"ಹಾಗಂತ ಬರೆದು ಸೈನ್ ಮಾಡ್ಕೊಡಿ."

"ಅದಾಗಲ್ಲಮ್ಮ."

"ಹಂಗಾದ್ರೆ ನಾನೇ ಬರೀತೀನಿ."

ಬರೆದಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತ ಅಕ್ಷರ, ಓದಲು ಕಷ್ಟವಾದರೂ ಓದಿ. ನಾನು ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ನಿಮ್ಮ ಅಪ್ಪ "ಹೋಗ್ಲಿ ಬಿಡಮ್ಮ" ಎಂದು ಇದನ್ನು ಹರಿದು ಹಾಕಿಯಾನು. ಅವನ ಕೈಗೆ ಸಿಗದ ಹಾಗೆ ನೀವಿಬ್ಬರೂ ಈ ಹಾಳೆಗಳನ್ನು ಜೋಪಾನ ಮಾಡಿ.