ಅಳತೆ ತೆಗೆಯದೆ ಹೊಲಿದ ಕೋಟು

ಟೇಲರಮ್ಮನಿಗೆ ಒಬ್ಬಳು ಸವತಿ ಇದ್ದಳು. ಉದ್ದನೆಯ ಮೈ, ದೊಡ್ಡ ಗಂಟಲು, ಇನ್ನೂ ದೂರದಲ್ಲಿರುವಾಗಲೇ ಊರಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಬರುವ ಸ್ವಭಾವ. ಬಂದಳೆಂದರೆ ಅಡುಗೆಮನೆಯ ತಟ್ಟೆ ಲೋಟಗಳೆಲ್ಲ ಗಡಗಡ ನಡುಗುತ್ತಿದ್ದವು. ಹೆಂಗಸಾಗಿದ್ದರೆ ಟೇಲರಮ್ಮ ಎಂದೋ ಜುಟ್ಟು ಹಿಡಿದು ನಾಲ್ಕು ಮಾತು ಕೇಳಿಬಿಡುತ್ತಿದ್ದಳು. ಆದರೆ ರೈಲಿಗೆ ಜುಟ್ಟೆಲ್ಲಿರುತ್ತದೆ?

ಗಂಡ ರೈಲ್ವೆ ಗೇಟು ಕಾಯುವವನು. ಊರಿಗೆಲ್ಲ ಗೇಟಣ್ಣ. ಮದುವೆಯಾದ ಹೊಸದರಲ್ಲಿ ಇಬ್ಬರೂ ಗೇಟಿನ ಪಕ್ಕದ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿದ್ದರು. ಗೋಡೆಯ ಮೇಲೊಂದು ಗಂಟೆ. ಸ್ಟೇಷನ್ನಿನಿಂದ ರೈಲು ಹೊರಟಿತೆಂದರೆ ಅದು ಟಣಟಣ ಬಡಿದುಕೊಳ್ಳುತ್ತಿತ್ತು, ಗಂಡ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದು ಓಡುತ್ತಿದ್ದ. ತನ್ನ ತಂಗಿಯ ಮದುವೆಯಲ್ಲಿ ಬೀಗರ ಜೊತೆ ನಡೆದ ಜಗಳದ ಕಥೆಯನ್ನು ಹೊಸ ಹೆಂಡತಿ ಎಷ್ಟು ಸಲ ಶುರು ಮಾಡಿದ್ದಳೋ ಲೆಕ್ಕವಿಲ್ಲ. ಬೀಗರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಗಂಟೆ ಬಾಯಿ ತೆರೆಯುತ್ತಿತ್ತು.

ಇದನ್ನೆಲ್ಲ ಅವಳು ನುಂಗಿಕೊಂಡಾಳು. ಆದರೆ ಹೆರಿಗೆ ನೋವು ಬಂದ ದಿನ ಆದದ್ದನ್ನು ನುಂಗಿಕೊಳ್ಳುವುದು ಯಾವ ಹೆಂಗಸಿನ ಕೈಲಿ ಆಗುತ್ತದೆ? ಆಸ್ಪತ್ರೆಗೆ ಹೋಗಲು ಕರೆಸಿದ ಗಾಡಿ ಗೇಟಿನ ಆಚೆ ಬಂದು ನಿಂತಿತು. ಗೇಟು ಹಾಕಿತ್ತು. ಹಾಕಿದವನು ಬೇರೆ ಯಾರೂ ಅಲ್ಲ, ಮಗುವಿನ ತಂದೆಯೇ! ಅವಳು ಈಚೆಯಿಂದ ಅರಚುತ್ತಿದ್ದಾಳೆ, ಡ್ರೈವರು ಆಚೆಯಿಂದ ಹಾರ್ನು ಹೊಡೆಯುತ್ತಿದ್ದಾನೆ, ಮಹಾಶಯ ಮಧ್ಯದಲ್ಲಿ ಹಸಿರು ಬಾವುಟ ಹಿಡಿದು ಕಂಬದ ಹಾಗೆ ನಿಂತಿದ್ದಾನೆ. ಕೊನೆಯ ಡಬ್ಬಿ ದಾಟುವವರೆಗೂ ಕದಲಲಿಲ್ಲ. ಹುಟ್ಟಿದ ಮಗಳು ಬೆಳೆದು ಮದುವೆಯಾಗಿ ಹೋದಳು, ತಾಯಿಯ ಹೊಟ್ಟೆಯೊಳಗಿನ ಕಿಚ್ಚು ಮಾತ್ರ ಅಲ್ಲೇ ಉಳಿಯಿತು.

ಆಮೇಲೆ ದೇವರು ಕಣ್ಣು ಬಿಟ್ಟ ಎಂದು ಅವಳ ನಂಬಿಕೆ. ಈ ಮಾರ್ಗದಲ್ಲಿ ನಷ್ಟ ಎಂದು ಮೇಲಿನವರು ಪ್ಯಾಸೆಂಜರ್ ಗಾಡಿಗಳನ್ನು ನಿಲ್ಲಿಸಿದರು. ಸ್ವಲ್ಪ ಕಾಲ ಗೂಡ್ಸು ಓಡಿತು, ಅದೂ ನಿಂತಿತು. ಹಳಿಯ ಮೇಲೆ ಹುಲ್ಲು, ಸ್ಟೇಷನ್ನಿಗೆ ಬೀಗ, ಗೇಟಿನ ಕೆಲಸಕ್ಕೆ ಕತ್ತರಿ. ಊರಿಗೆ ಊರೇ ಗೋಳಾಡಿತು. ಗೇಟಣ್ಣನ ಮನೆಗೆ ಬಂದು ಸಮಾಧಾನ ಹೇಳಿದವರ ಮುಂದೆ ಹೆಂಡತಿಯೂ ಮುಖ ಸಣ್ಣದು ಮಾಡಿಕೊಂಡು ಕೂತಳು. ಒಳಗೆ ಹಾಲು ಕುಡಿದಷ್ಟು ಸಂತೋಷ.

ಗೇಟಿನಿಂದ ಎರಡು ಬೀದಿ ಈಚೆಗೆ, ಹಿಂಭಾಗದಲ್ಲಿ ಮನೆಯಿದ್ದ ಒಂದು ಅಂಗಡಿ ಹಿಡಿದು ಅವಳು ಹೊಲಿಗೆ ಮಿಷನ್ ಇಟ್ಟಳು. ಗಂಡನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿ ಗುಂಡಿ ಹಚ್ಚುವುದು, ಕಾಜ ತೆಗೆಯುವುದು, ಇಸ್ತ್ರಿ ಹಾಕುವುದು ಕಲಿಸಿದಳು. ಕಲಿತ. ತಲೆ ತಗ್ಗಿಸಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಎಬ್ಬಿಸಲು ಗಂಟೆ ಎಲ್ಲಿತ್ತು? ಬೀಗರ ಜಗಳದ ಕಥೆ ಅಂತೂ ಇಂತೂ ಕೊನೆಮುಟ್ಟಿತು. ಅವನು ಹೂಂ ಎಂದ. ಅವಳು ಇನ್ನೊಂದು ಕಥೆ ಶುರು ಮಾಡಿದಳು, ಅದಕ್ಕೂ ಹೂಂ ಎಂದ. ಗಂಡ ಅಂದರೆ ಹೀಗಿರಬೇಕು ಎಂದು ಟೇಲರಮ್ಮ ಬೀಗಿದಳು.

ಅವಳ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಟೇಪು ಹಿಡಿಯುವುದು ಗಿರಾಕಿಗಳಿಗೆ ಮಾತ್ರ, ಮನೆಯವರಿಗೆ ಅಲ್ಲ. ಗಂಡನ ಅಳತೆ ಹೆಂಡತಿಗೆ ಗೊತ್ತಿಲ್ಲ ಅಂದರೆ ನಾಚಿಕೆಗೇಡು ಎಂಬುದು ಅವಳ ವಾದ. ಮದುವೆಯ ವರ್ಷ ಅವನಿಗೆ ಅಂಗಿ ಹೊಲಿಯಲು ಕತ್ತರಿಸಿಕೊಂಡ ರಟ್ಟಿನ ಅಚ್ಚು ಅಂಗಡಿಯ ಗೋಡೆಗೆ ಮೊಳೆಯಲ್ಲಿ ನೇತಾಡುತ್ತಿತ್ತು. ಅವನ ಅಂಗಿಗಳೆಲ್ಲ ಇವತ್ತಿಗೂ ಅದರ ಮೇಲೇ. ದೊಗಳೆಯಾಗಿ ಕಂಡರೆ, ಗಾಳಿಯಾಡಲಿ ಎಂದು ಬಿಟ್ಟಿದ್ದೇನೆ ಅನ್ನುತ್ತಿದ್ದಳು.

ಹೀಗೆ ಸುಖವಾಗಿದ್ದಾಗ ಒಂದು ದಿನ ನಾದಿನಿ ಬಂದಳು. ಗಂಡನ ತಂಗಿ, ಸ್ಟೇಷನ್ನಿನ ಎದುರು ಚಹಾದ ಅಂಗಡಿ ಇಟ್ಟುಕೊಂಡವಳು. ಬೆಂಕಿಯಷ್ಟೇ ಅಲ್ಲ, ಸುದ್ದಿಯನ್ನೂ ಊದಿ ಉರಿಸುವುದರಲ್ಲಿ ಪಳಗಿದ ಕೈ.

"ಅತ್ತಿಗೆ, ಗೊತ್ತಾಯ್ತಾ? ನಿನ್ನ ಸವತಿ ವಾಪಸ್ ಬರ್ತಿದ್ದಾಳಂತೆ!"

"ಯಾವ ಸವತಿ?"

"ಎಷ್ಟು ಜನ ಇದ್ದಾರೆ ನಿಂಗೆ? ರೈಲು ಕಣೇ. ಹಳಿ ಮೇಲಿನ ಗಿಡಗಂಟಿ ಎಲ್ಲ ಕಡೀತಿದ್ದಾರೆ. ಮತ್ತೆ ಪ್ಯಾಸೆಂಜರ್ ಬಿಡ್ತಾರಂತೆ."

ಟೇಲರಮ್ಮ ಮೂಗು ಮುರಿದಳು. "ಬಿಡ್ತಾರೆ, ಬಿಡ್ತಾರೆ. ಇಷ್ಟು ವರ್ಷದಿಂದ ಬರೀ ರೈಲೇ ಬಿಡ್ತಾ ಇದ್ದಾರಲ್ಲ."

ಹಾಗೆಂದಳೇ ಹೊರತು ಕಣ್ಣು ಗಂಡನ ಕಡೆಗೇ ಇತ್ತು. ಅವನು ತಲೆ ಎತ್ತಲಿಲ್ಲ. ಆದರೆ ಸೂಜಿ ನಿಂತಿತ್ತು.

ಅವತ್ತಿನಿಂದ ಅವಳಿಗೆ ಮೈಯೆಲ್ಲ ಕಣ್ಣು. ಗಂಡ ಸಂಜೆ ಹೊತ್ತು ಕಾಲಾಡಿಸಿಕೊಂಡು ಬರುತ್ತೇನೆಂದು ಹೊರಡತೊಡಗಿದ. ಎಂದೂ ಆಡದ ಕಾಲಿಗೆ ಈಗ ಆಡುವ ಚಪಲ. ಹೋಗುವಾಗ ತಲೆ ಬಾಚಿಕೊಳ್ಳುತ್ತಿದ್ದ. ಅಷ್ಟರಲ್ಲಿ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಮಿಷನ್ನಿಗೆ ಹಾಕುವ ಎಣ್ಣೆಯ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಮಿಷನ್ ಕುಡಿಯುವುದು ಎರಡು ತೊಟ್ಟು. ಉಳಿದದ್ದು ಎಲ್ಲಿಗೆ ಹೋಯಿತು?

ಒಂದು ಸಂಜೆ ಅವನು ಹೊರಟ ಮೇಲೆ ಅವಳೂ ಅಂಗಡಿಗೆ ಬಾಗಿಲೆಳೆದು ಹಿಂದೆ ನಡೆದಳು. ಹೊಂಚುಹಾಕುವ ವಯಸ್ಸಲ್ಲ, ಮಂಡಿ ಬೇರೆ ನೋಯುತ್ತದೆ, ಆದರೂ ನಡೆದಳು. ಅವನು ನೆಟ್ಟಗೆ ಹಳೆಯ ಗೇಟಿಗೆ ಹೋದ. ಜೇಬಿನಿಂದ ಎಣ್ಣೆಯ ಡಬ್ಬಿ ತೆಗೆದ. ಗೇಟಿನ ಕೀಲಿಗೆ, ಸರಪಳಿಯ ಗಾಲಿಗೆ ತೊಟ್ಟು ತೊಟ್ಟಾಗಿ ಬಿಟ್ಟ. ಆಮೇಲೆ ಒಂದು ಬಟ್ಟೆಯ ಚೂರಿನಿಂದ ತುಕ್ಕು ಒರೆಸತೊಡಗಿದ. ಎಷ್ಟು ನಿಧಾನ, ಎಷ್ಟು ಅಕ್ಕರೆ! ಮಗುವಿನ ಮೂಗನ್ನೂ ಯಾರೂ ಅಷ್ಟು ನಾಜೂಕಾಗಿ ಒರೆಸುವುದಿಲ್ಲ. ಆ ಬಟ್ಟೆಯ ಚೂರು ಅವಳದೇ ಹೂವಿನ ಗೌನಿನದ್ದು.

ಟೇಲರಮ್ಮನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಅಂಗಡಿಯ ಬಾಗಿಲು ಕಿರ್ರೆನ್ನುತ್ತದೆ, ಒಂದು ತೊಟ್ಟು ಎಣ್ಣೆ ಬಿಡು ಮಾರಾಯ ಎಂದು ಅವಳು ಎಷ್ಟು ದಿನದಿಂದ ಬಾಯಿ ಬಡಿದುಕೊಂಡಿದ್ದಳು! ಅದಕ್ಕೆ ನಾಳೆ, ನಾಡಿದ್ದು. ಇದಕ್ಕೆ ದಿನಾ ಅಭ್ಯಂಜನ. ಅವಳು ಸದ್ದಿಲ್ಲದೆ ವಾಪಸಾದಳು, ಅವನು ಬಂದು ಎಣ್ಣೆಯ ಡಬ್ಬಿಯನ್ನು ಜಾಗಕ್ಕಿಟ್ಟ ಮೇಲೆ ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಅವನು ಒಂದು ಮಾತೂ ಕೇಳದೆ ಪೇಟೆಯಿಂದ ತನ್ನದೇ ಡಬ್ಬಿ ತಂದುಕೊಂಡ. ಕೇಳಿ ಜಗಳವಾಡಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಊರಿನ ಸಡಗರ ಹೆಚ್ಚಾಯಿತು. ಹಳಿಯ ಅಡಿಗೆ ಹಾಕುವ ಹೊಸ ಸ್ಲೀಪರುಗಳು ಬಂದವು, ಜಲ್ಲಿ ಬಿತ್ತು, ಸ್ಟೇಷನ್ನಿಗೆ ಸುಣ್ಣ ಬಳಿದರು. ಖಾಲಿ ಎಂಜಿನ್ನೊಂದು ಬಂದು ಹಳಿಯನ್ನು ಪರೀಕ್ಷೆ ಮಾಡಿ ಹೋಯಿತು, ಅದನ್ನು ನೋಡಲು ಓಡಿದವರಲ್ಲಿ ಕೈಯಲ್ಲಿ ಅರ್ಧ ಗುಂಡಿ ಹಚ್ಚಿದ ಅಂಗಿ ಹಿಡಿದುಕೊಂಡೇ ಹೋದವನೂ ಒಬ್ಬನಿದ್ದ. ಕೊನೆಗೆ ಅನುಭವವಿದ್ದ ಹಳಬರನ್ನು ಗುತ್ತಿಗೆಯ ಮೇಲೆ ಗೇಟಿಗೆ ಕರೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಗೇಟಣ್ಣ ಒಂದು ಮಧ್ಯಾಹ್ನ ನೀಲಿ ಬಟ್ಟೆಯ ಕಟ್ಟನ್ನು ಎದೆಗವಚಿಕೊಂಡು ಬಂದು ಕತ್ತರಿಸುವ ಮೇಜಿನ ಮೇಲಿಟ್ಟ.

"ಕೋಟಿನ ಬಟ್ಟೆ ಕೊಟ್ಟರು. ಹೊಲಿಗೆ ನಮ್ಮದೇ. ನೀನೇ ಹೊಲೀಬೇಕು, ಬೇರೆ ಯಾರ ಕೈಲೂ ಕೊಡಲ್ಲ."

"ಅಂಗಡಿ?"

"ಅಂಗಡಿ ಎಲ್ಲಿ ಹೋಗುತ್ತೆ? ಗಾಡಿ ಇಲ್ದಾಗ ಬಂದು ಹೋಗ್ತಿರ್ತೀನಲ್ಲ."

"ಹೌದಪ್ಪ, ನೆಂಟರ ಹಾಗೆ."

ಅವನಿಗೆ ಚುಚ್ಚಲಿಲ್ಲ, ಅಥವಾ ಚುಚ್ಚಿದ್ದನ್ನು ತೋರಿಸಿಕೊಳ್ಳಲಿಲ್ಲ. ಬಟ್ಟೆ ಸವರುತ್ತ ಹೇಳಿದ, "ಮೊದಲ ದಿನ ಸಾಹೇಬರು ಬಂದು ನೋಡ್ತಾರಂತೆ. ಡ್ರೆಸ್ ಸರಿ ಇಲ್ಲಾಂದ್ರೆ ಅಲ್ಲಿಂದಾನೇ ಮನೆಗೆ ಕಳಿಸ್ತಾರಂತೆ. ಇನ್ನೊಬ್ಬ ಕಾಯ್ತಾನೇ ಇದ್ದಾನೆ. ಸ್ವಲ್ಪ ನೋಡಿ ಹೊಲಿ."

ನೋಡಿ ಹೊಲಿ! ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಅವನು ಹೊರಗೆ ಹೋದದ್ದೇ ತಡ, ಗೋಡೆಯ ಅಚ್ಚನ್ನು ಇಳಿಸಿ ಬಟ್ಟೆಯ ಮೇಲೆ ಹಾಸಿದಳು. ಸೀಮೆಸುಣ್ಣದಿಂದ ಗೆರೆ ಎಳೆದಳು. ಎಳೆದ ಗೆರೆಯನ್ನು ನೋಡುತ್ತ ನಿಂತಳು. ಆಮೇಲೆ ಅದರ ಒಳಗಡೆ ಇನ್ನೊಂದು ಗೆರೆ ಎಳೆದಳು, ಪಕ್ಕೆಯಲ್ಲಿ ಎರಡು ಬೆರಳು, ಭುಜದಲ್ಲಿ ಒಂದು, ಬೆನ್ನಲ್ಲಿ ಒಂದು. ಗುಂಡಿಗೂ ಕಾಜಕ್ಕೂ ಜನ್ಮದಲ್ಲಿ ಭೇಟಿಯಾಗಬಾರದು, ಹಾಗೆ. ಒಳ್ಳೆಯ ಟೇಲರು ಯಾರೇ ಆಗಲಿ, ಮುಂದೆ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಲೆಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಉಳಿಸುತ್ತಾರೆ. ಟೇಲರಮ್ಮ ಅದನ್ನೂ ಉಳಿಸಲಿಲ್ಲ. ಕತ್ತರಿ ಹಿಡಿದು ಹೊಲಿಗೆಯ ಅಂಚಿನವರೆಗೆ ಕತ್ತರಿಸಿ ಒಲೆಗೆ ಹಾಕಿದಳು. ಅಯ್ಯೋ, ಕೈ ತಪ್ಪಿತು, ವಯಸ್ಸಾಯಿತು ನೋಡಿ ಎಂದರೆ ಮುಗಿಯಿತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಬಟ್ಟೆಯನ್ನೂ ಬೇಕೆಂದು ಕೆಡಿಸಿದವಳಲ್ಲ. ಆದರೂ ಕತ್ತರಿ ಕೆಳಗಿಟ್ಟಾಗ ಹೊಟ್ಟೆ ತಣ್ಣಗಿತ್ತು.

ಹಾಕಿ ನೋಡುತ್ತೇನೆ ಎಂದು ಅವನು ದಿನವೂ ಕೇಳಿದ. ಇನ್ನೂ ಕಾಲರ್ ಆಗಿಲ್ಲ, ಇನ್ನೂ ಇಸ್ತ್ರಿಯಾಗಿಲ್ಲ ಎಂದು ಅವಳು ಸಾಗಹಾಕಿದಳು. ಮೊದಲ ಗಾಡಿ ಬರುವ ದಿನ ಬೆಳಿಗ್ಗೆ ಕೋಟನ್ನು ಅವನ ಕೈಗಿತ್ತು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಈಗ ತೋಳಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ಈಗ ಕೂಗುತ್ತಾನೆ, ಈಗ ನನ್ನ ಮುಖ ನೋಡುತ್ತಾನೆ.

ಅವನು ಒಂದು ತೋಳು ತೂರಿಸಿದ. ಇನ್ನೊಂದು ತೂರಿಸಿದ. ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡ. ಎಲ್ಲವೂ ಸೇರಿದವು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದ.

"ಅಬ್ಬಾ! ಎರಕ ಹೊಯ್ದ ಹಾಗೆ ಕೂತಿದೆ ಕಣೇ. ಟೇಪೇ ಹಿಡೀದೆ ಹೇಗೆ ಹೊಲಿದೆ? ನನ್ನ ಅಳತೆ ನಿನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು!"

ಟೇಲರಮ್ಮ ಬಾಗಿಲು ಬಿಟ್ಟು ಹತ್ತಿರ ಬಂದು ನೋಡಿದಳು. ಅಷ್ಟು ಕತ್ತರಿಸಿದ್ದಳಲ್ಲ, ಆ ಬೆರಳುಗಳೆಲ್ಲ ಎಲ್ಲಿ ಹೋದವು? ಕೋಟು ಬೆಳೆದಿರಲಿಲ್ಲ. ಅವಳ ಮುಂದೆ ನಿಂತಿದ್ದವನು ಮೊಳೆಗೆ ನೇತಾಡುವ ರಟ್ಟಿನವನಲ್ಲ. ಭುಜ ಇಳಿದಿತ್ತು, ಎದೆ ಒಳಗೆ ಹೋಗಿತ್ತು, ಬೆನ್ನು ಸ್ಟೂಲಿನ ಮೇಲೆ ಕೂತ ಆಕಾರಕ್ಕೇ ಬಾಗಿತ್ತು. ಅವಳೇ ಹೊಲಿದ ದೊಗಳೆ ಅಂಗಿಗಳೊಳಗೆ ಅವಳ ಕಣ್ಣೆದುರಿಗೇ ಅವನು ಇಷ್ಟಿಷ್ಟೇ ಕರಗಿದ್ದ. ಅಷ್ಟೂ ವರ್ಷ ಅವಳು ಕಥೆ ಹೇಳುತ್ತಿದ್ದಳು.

"ಏನಾಯ್ತು? ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಹೋಗು. ತಡವಾಗುತ್ತೆ."

ಗೇಟಿನ ಹತ್ತಿರ ಜಾತ್ರೆಗೂ ಮೀರಿದ ಜನ. ಸಾಹೇಬರು ಅವನನ್ನು ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿ ಮುಂದೆ ಹೋದರು. ಗಂಟೆ ಬಡಿಯಿತು. ಅವನು ಸದ್ದಿಲ್ಲದೆ ಇಳಿಯುವ ಗೇಟನ್ನು ಇಳಿಸಿದ, ಎಷ್ಟು ಎಣ್ಣೆ ಕುಡಿದಿದೆಯಲ್ಲ, ಸದ್ದು ಎಲ್ಲಿಂದ ಬರಬೇಕು? ಬಾವುಟ ಹಿಡಿದು ನಿಂತ. ಆಗ ಟೇಲರಮ್ಮ ನೋಡಿದಳು, ಬಾಗಿದ್ದ ಬೆನ್ನು ನೆಟ್ಟಗಾಯಿತು. ಒಳಗಿದ್ದ ಎದೆ ಹೊರಗೆ ಬಂತು, ಮೇಲಿನ ಗುಂಡಿ ಬಿಗಿದುಕೊಂಡು ದಾರ ಜಗ್ಗಿತು. ರೈಲು ಕೂಗುತ್ತ ಬಂತು, ಕಿಟಕಿಗಳಿಂದ ಜನ ಕೈಬೀಸಿದರು. ಅವನು ನಕ್ಕ. ಆ ನಗೆಯನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಮತ್ತು ಅದು ಅವಳಿಗಾಗಿ ಇರಲಿಲ್ಲ.

"ಅತ್ತಿಗೆ, ಏನು ಫಿಟ್ಟಿಂಗ್! ಸವತಿ ಹತ್ರ ಕಳಿಸೋಕೆ ಇಷ್ಟು ಚೆನ್ನಾಗಿ ಯಾರು ಹೊಲೀತಾರೆ?" ಎಂದಳು ನಾದಿನಿ.

ಟೇಲರಮ್ಮ ಸೆರಗು ಹೊದ್ದುಕೊಂಡು ಅಂಗಡಿಯ ಕಡೆ ನಡೆದಳು.

ಮಧ್ಯಾಹ್ನ ಅವನು ಅಂಗಡಿಗೆ ಊಟಕ್ಕೆ ಬಂದ. ಎರಡನೇ ಸಲ ಬಡಿಸಿಕೊಂಡ, ಮೂರನೇ ಸಲವೂ ತಟ್ಟೆ ಒಡ್ಡಿದ. ಉಣ್ಣುತ್ತಲೇ ಮಾತಾಡಿದ, ಯಾರು ಇಳಿದರು, ಯಾರು ಹತ್ತಿದರು, ಡ್ರೈವರು ಹೇಗೆ ಕೈ ಎತ್ತಿದ. ಇಷ್ಟು ವರ್ಷದ ಹೂಂಗಳಿಗೆಲ್ಲ ಬಡ್ಡಿ ಸಮೇತ ಮಾತು. ಅವಳಿಗೆ ಕೇಳುತ್ತ ಕೇಳುತ್ತ ಮತ್ತೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಹೀಗೇ ತಿಂತಾ ಹೋದ್ರೆ ಕೋಟು ಬಿಗಿಯಾಗುತ್ತೆ ಅನ್ಸುತ್ತೆ," ಎಂದ ಅವನು ಕೈ ತೊಳೆಯುತ್ತ. "ಒಳಗೆ ಬಟ್ಟೆ ಬಿಟ್ಟಿದ್ದೀಯಲ್ಲ? ಆಮೇಲೆ ಬಿಚ್ಚಿ ಕೊಟ್ಟರಾಯ್ತು."

ಟೇಲರಮ್ಮ ಮೊಳೆಯಿಂದ ರಟ್ಟಿನ ಅಚ್ಚನ್ನು ಇಳಿಸಿ ಎರಡಾಗಿ ಮುರಿದು ಮೂಲೆಗೆಸೆದಳು. ಕೊರಳಿನಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡಳು.

"ನಿಂತ್ಕೋ. ಕೈ ಎತ್ತು."

"ಇದೇನೇ ಹೊಸದು? ನಾನೇನು ಗಿರಾಕೀನಾ?"

"ಇನ್ನೊಂದು ಕೋಟು ಹೊಲೀತೀನಿ. ಇದು ಬಿಗಿ."

"ಎಲ್ಲಿ ಬಿಗಿ? ಸಾಹೇಬರೇ ಸರಿಯಾಗಿದೆ ಅಂದ್ರು."

"ಸಾಹೇಬರಿಗೇನು ಗೊತ್ತು? ಸುಮ್ನೆ ನಿಂತ್ಕೋ."

ಅವಳು ಟೇಪನ್ನು ಅವನ ಬೆನ್ನ ಹಿಂದಿನಿಂದ ತಂದು ಎದೆಯ ಮುಂದೆ ಸೇರಿಸಿದಳು. ಸೇರಿಸಿದ ಜಾಗದಲ್ಲಿ ಎರಡು ಬೆರಳು ತೂರಿಸಿ, ಇನ್ನೂ ಎರಡು ಬೆರಳು ಹೆಚ್ಚಿಗೆ ಸಡಿಲ ಬಿಟ್ಟಳು. ಅವನು ಕಚಗುಳಿಯಾಗಿ ನಕ್ಕ. ಆಗ ದೂರದಿಂದ, ಎರಡು ಬೀದಿ ದಾಟಿ, ಗಂಟೆ ಟಣಟಣ ಬಡಿಯಿತು.

ಅವನ ಮೈ ಅತ್ತ ತಿರುಗಿತು. ಆದರೆ ಕಾಲು ಕದಲಲಿಲ್ಲ. ಟೇಪಿನೊಳಗೆ ನಿಂತುಕೊಂಡು, ಕೈಯೆತ್ತಿದ ಹಾಗೇ, ಅವನು ಹೆಂಡತಿಯ ಮುಖ ನೋಡಿದ. ಮದುವೆಯಾದಾಗಿನಿಂದ ಗಂಟೆ ಬಡಿದಾಗ ಅವನು ಅವಳ ಮುಖ ನೋಡಿದ್ದು ಇದೇ ಮೊದಲು.

ಟೇಲರಮ್ಮ ಟೇಪಿನ ತುದಿ ಬಿಟ್ಟಳು.

"ಓಡು. ಆಚೆ ಕಡೆ ಯಾವಳೋ ಹೆರಿಗೆಗೆ ಹೊರಟಿದ್ರೆ, ಬೇಗ ಗೇಟು ತೆಗಿ."