ಬಾಟಲಿ ಕೋಣೆಯ ದುರುಗಕ್ಕ

ದುರುಗಕ್ಕ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿದವಳಲ್ಲ. ಹಗರಿಬೊಮ್ಮನಹಳ್ಳಿಯ ಹೊರಗಿದ್ದ ನಮ್ಮ ಮಿಡಿಸೌತೆ ಫ್ಯಾಕ್ಟರಿಯ ಯಂತ್ರಗಳ ಸದ್ದು ಮೀರಿ ಆ ನಗು ಗೇಟಿನವರೆಗೆ ಕೇಳುತ್ತಿತ್ತು. ಗಂಡ ತೀರಿಕೊಂಡ ಹೆಂಗಸು ಹಾಗೆ ನಗುವುದನ್ನು ಅವಳ ಊರು ಕೋಗಳಿಯಲ್ಲಿ ಕೆಲವರು ಆಡಿಕೊಳ್ಳುತ್ತಿದ್ದರಂತೆ. "ಆಡಿಕೊಳ್ಳಾಕ ಅವರಿಗೂ ಏನರ ಬೇಕಲ್ಲ ತಂಗಿ," ಎಂದು ಅದಕ್ಕೂ ನಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ನೀರಿದ್ದವರು ಬೆರಳುದ್ದದ ಮಿಡಿಸೌತೆ ಹಾಕತೊಡಗಿದ್ದರು. ನಮ್ಮಲ್ಲಿ ಯಾರೂ ತಿನ್ನದ ಆ ಕಾಯಿ ಉಪ್ಪುನೀರು, ವಿನಿಗರ್ ಸೇರಿ ಬಾಟಲಿಯಲ್ಲಿ ಕೂತು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಅಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿದ್ದೆ. ದುರುಗಕ್ಕ ಕಾಯಿ ಆರಿಸುವ ಶೆಡ್ಡಿನಲ್ಲಿದ್ದಳು. ಒಮ್ಮೆ ತಯಾರಾದ ಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಖಾರ ಇಲ್ಲ, ಒಗ್ಗರಣಿ ಇಲ್ಲ. ಪಾಪ, ಆ ದೇಶದಾಗ ಅಡಿಗಿ ಕಲಿಸಾರು ಯಾರೂ ಇಲ್ಲೇನು?" ಎಂದಿದ್ದಳು.

ಒಂದು ಬೆಳಿಗ್ಗೆ ಮ್ಯಾನೇಜರು ಹೆಂಗಸರನ್ನೆಲ್ಲ ಸೇರಿಸಿ, ಇನ್ನು ಯಾರೂ ಬಳೆ ತೊಟ್ಟು ಒಳಗೆ ಬರುವಂತಿಲ್ಲ ಎಂದರು. ಬಾಟಲಿಯಲ್ಲಿ ಗಾಜಿನ ಚೂರು ಸಿಕ್ಕರೆ ಕೊಳ್ಳುವವರು ಮಾಲೇ ಬೇಡವೆನ್ನುತ್ತಾರೆ, ಪರೀಕ್ಷೆಗೆ ಅವರ ಕಡೆಯವರು ಬರುವವರಿದ್ದಾರೆ ಎಂದು ವಿವರಿಸಿದರು. ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡ ಬದುಕಿರುವಾಗಲೇ ಬರಿಗೈ ಮಾಡಿಕೊಳ್ಳುವುದೆಂದರೇನು? ಒಬ್ಬೊಬ್ಬರಾಗಿ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಅವರ ಜೊತೆ ದುರುಗಕ್ಕನೂ ಕೂತಳು.

"ನಿನ್ನ ಕೈಯಲ್ಲಿ ಬಳೆಯೇ ಇಲ್ಲವಲ್ಲಮ್ಮ, ನೀನ್ಯಾಕೆ ಎದ್ದು ಬಂದೆ?" ಮ್ಯಾನೇಜರು ಕೇಳಿದರು.

"ನನ್ನ ಕೈ ಖಾಲಿ ಐತಿ ಅಂತ ಇವರ ಕೈನೂ ಖಾಲಿ ಮಾಡಿಸ್ತೀರೇನ್ರಿ ಸಾಹೇಬ್ರ?"

ಮ್ಯಾನೇಜರು ಒಳಗೆ ಹೋದರು. ಶೆಡ್ಡಿನಲ್ಲಿ ಕಾಯಿಯ ರಾಶಿ ಬಾಡುತ್ತಿತ್ತು. ಫ್ಯಾಕ್ಟರಿಯೇ ಮುಚ್ಚಿಹೋದೀತೆಂದು ನನಗೆ ಭಯ. ಮಧ್ಯಾಹ್ನ ದುರುಗಕ್ಕನೇ ಎದ್ದು ಆಫೀಸಿಗೆ ಬಂದಳು.

"ಶೆಡ್ಡಿನ್ಯಾಗಿಂದು ಕಾಯಿ ತೊಳಿಯೋಕಿಂತ ಮುಂಚಿನ ಕೆಲಸ. ಅಲ್ಲಿ ಬಳಿ ಇರ್ಲಿ, ಮ್ಯಾಲೆ ಬಿಗಿಯಾಗಿ ಬಟ್ಟಿ ತೋಳು ಹಾಕ್ಕಂತಾರ. ಬಾಟಲಿ ತುಂಬೋ ಕೋಣ್ಯಾಗ ಬಳಿ ಇಲ್ಲದಾರು ಬೇಕು, ಹೌದಲ್ರಿ? ನನ್ನಂಥಾರು ಊರೂರಿಗೆ ಅದೀವಿ. ನಾ ಕರ್ಕೊಂಡು ಬರ್ತೀನಿ."

ಮ್ಯಾನೇಜರು, "ನೋಡೋಣ, ಕರ್ಕೊಂಡು ಬಾ," ಎಂದರು.

ಸುತ್ತಲ ಹಳ್ಳಿಗಳಿಗೆ ಅವಳ ಜೊತೆ ನಾನೂ ತಿರುಗಿದೆ. ಒಂದು ಮನೆಯಲ್ಲಿ ನನ್ನ ವಯಸ್ಸಿನ ಸೊಸೆಯೊಬ್ಬಳು ಬಾಗಿಲ ಹಿಂದೆ ನಿಂತಿದ್ದಳು. ಗಂಡ ಹೋದ ಮೇಲೆ ಹೊಸ್ತಿಲು ದಾಟಿದ್ದೇ ಕಡಿಮೆ. ಅತ್ತೆ, "ಮಂದಿ ಏನಂತಾರ?" ಎಂದರು. ದುರುಗಕ್ಕ ಹುಡುಗಿಯತ್ತ ತಿರುಗಿದಳು.

"ಮದಿವಿ ಮನ್ಯಾಗ ನಮ್ಮನ್ನ ಮುಂದಕ್ಕ ಕರಿಯಂಗಿಲ್ಲ. ಇಲ್ಲಿ ನಾವ ಬೇಕು ಅಂತಾರ. ಬಾರವ್ವ."

ಮರುದಿನ ಬೆಳಿಗ್ಗೆ ಆ ಹುಡುಗಿ ಬುತ್ತಿ ಹಿಡಿದು ಟೆಂಪೋ ಇಳಿದಳು. ಅವಳ ಹಿಂದೆ ಇನ್ನೂ ಹಲವರು ಇಳಿದರು.

ಹೊರದೇಶದಿಂದ ಪರೀಕ್ಷೆಗೆ ಬಂದವರು ಶೆಡ್ಡಿನ ಹೆಂಗಸರ ಬಟ್ಟೆ ತೋಳುಗಳನ್ನು ಎಳೆದು ನೋಡಿ ಸರಿಯೆಂದು ತಲೆಯಾಡಿಸಿದರು. ಬಾಟಲಿ ಕೋಣೆಯಲ್ಲಿ ಬಿಳಿ ಕೋಟು, ಬಿಳಿ ಟೋಪಿ ಹಾಕಿ ದುರುಗಕ್ಕನ ಜೊತೆ ಸಾಲಾಗಿ ನಿಂತವರನ್ನು ಕಂಡು ಕೈಮುಗಿದರು. ಯಾರೋ ಅವರಿಗೆ ಹೇಳಿಕೊಟ್ಟಿದ್ದಿರಬೇಕು. ಆ ಸಾಲಿನಲ್ಲಿದ್ದವರಿಗೆ ಹಾಗೆ ಎದುರು ನಿಂತು ಕೈಮುಗಿದವರು ಅದಕ್ಕೆ ಮೊದಲು ಯಾರಿದ್ದರು? ಹುಡುಗಿ ಕಣ್ಣು ಒರೆಸಿಕೊಂಡಳು. ಕಾಯಿಯ ಕಾಲ ಮುಗಿದರೆ ಶೆಡ್ಡಿಗೆ ಕೆಲಸವಿರುತ್ತಿರಲಿಲ್ಲ, ಉಪ್ಪುನೀರಿನಲ್ಲಿ ಕೂಡಿಟ್ಟ ಕಾಯಿ ತುಂಬುವ ಬಾಟಲಿ ಕೋಣೆಗೆ ಮಾತ್ರ ವರ್ಷವಿಡೀ ಇರುತ್ತಿತ್ತು.

ಕೆಲವು ವರ್ಷಗಳ ನಂತರ ಹರಪನಹಳ್ಳಿಯ ಹತ್ತಿರ ಇನ್ನೊಂದು ಫ್ಯಾಕ್ಟರಿ ಶುರುವಾಯಿತು. ಅಲ್ಲಿನ ಬಾಟಲಿ ಕೋಣೆ ನೋಡಿಕೊಳ್ಳಲು ದುರುಗಕ್ಕನನ್ನು ಕರೆದರು. ಕೋಗಳಿ ಬಿಟ್ಟು ಬೇರೆಲ್ಲೂ ಬಾಳಿದವಳಲ್ಲ, ಒಪ್ಪಲಾರಳು ಎಂದುಕೊಂಡಿದ್ದೆ. ಹೊರಟಳೆಂದು ಕೇಳಿ ನಾನು ಬಸ್‌ಸ್ಟ್ಯಾಂಡಿಗೆ ಬಂದರೆ ಆಗಲೇ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು, ತೊಡೆಯ ಮೇಲೆ ಟ್ರಂಕು. ನಾನು ಮದುವೆಯಾಗಿ ಬೇರೆ ಊರು ಸೇರಿದ್ದರಿಂದ ಮತ್ತೆ ಅವಳನ್ನು ನೋಡಲಾಗಲಿಲ್ಲ.

"ಇಷ್ಟ್ಯಾಕ ಅವಸರ ದುರುಗಕ್ಕ? ಕೆಲಸ ಶುರುವಾಗೋದು ಸೋಮವಾರ ಅಲ್ಲೇನು?" ಎಂದು ಅಂದು ಕೇಳಿದ್ದೆ.

"ಹೊಸ ಹೆಣ್ಮಕ್ಕಳು ತಂಗಿ, ಬಾಗಿಲಾಗ ಹೆದರಿ ನಿಲ್ತಾರ. ಅವರು ಬರೋದ್ರಾಗ ನಾ ಒಳಗ ಇರಬೇಕು."